ಕೀಡಿ ತಿಂದದ್ದೇ ಕಣಜದ ಬುತ್ತಿ

ಶಹಾಬಾದಿನಿಂದ ವಾಡಿಯ ಕಡೆ ಹೊರಟರೆ ಮೊದಲು ಎದುರಾಗುವುದು ಕಲ್ಲಿನ ಖಣಿಗಳು. ನಾಡಿನ ಎಷ್ಟೋ ಮನೆಗಳ ಪಡಸಾಲೆಗೆ ಹಾಸಿದ ಪರಸಿ ಇಲ್ಲಿಂದಲೇ ಎದ್ದು ಹೋದದ್ದು. ಖಣಿಗೂ ಖಣಿಗೂ ನಡುವೆ ಮಣ್ಣು ಉಳಿದ ಕಡೆಯೆಲ್ಲ ತೊಗರಿ ನಿಂತಿದೆ. ಎಳ್ಳ ಅಮಾವಾಸ್ಯೆ ಹತ್ತಿರವಾದ ಈ ದಿನಗಳಲ್ಲಿ ತೊಗರಿ ಕಾಯಿ ಬಲಿಯುತ್ತಿರುತ್ತದೆ, ಕಡಲೆ ಹೂ ಬಿಡುತ್ತಿರುತ್ತದೆ, ಬಿಳಿಜೋಳ ತೆನೆ ಹೊರಹಾಕುವ ಹವಣಿಕೆಯಲ್ಲಿರುತ್ತದೆ. ಈ ಮೂರೂ ಬೆಳೆಗಳನ್ನು ಮೇಯುವ ಒಂದು ಕೀಡಿ, ಆ ಕೀಡಿಯ ಹೊಟ್ಟೆಯೊಳಗೆ ಬೆಳೆಯುವ ಒಂದು ಕಣಜ, ಇವೆರಡನ್ನು ಅವುಗಳ ಜಾಗದಲ್ಲೇ ನೋಡಬೇಕೆಂದು ಹೊರಟ ನಡಿಗೆಯಿದು.

ಕೀಡಿಯ ಪರಿಚಯ ಈ ಸೀಮೆಯವರಿಗೆ ಬೇಕಿಲ್ಲ. ಹೊರಗಿನವರಿಗಾಗಿ ಹೇಳುವುದಾದರೆ ಅದು ಕಾಯಿಕೊರಕ, ಶಾಸ್ತ್ರದ ಹೆಸರು ಹೆಲಿಕೋವರ್ಪಾ ಆರ್ಮಿಜೆರಾ. ತೊಗರಿಯ ಕಾಯಿಗೆ ದುಂಡನೆಯ ತೂತು ಕೊರೆದು, ತಲೆಯನ್ನು ಒಳಗಿಟ್ಟು ಹಿಂಭಾಗವನ್ನು ಹೊರಗೆ ಬಿಟ್ಟುಕೊಂಡು ಕಾಳು ತಿನ್ನುವ ಹುಳು. 1997-98ರ ಹಂಗಾಮಿನಲ್ಲಿ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ತೊಗರಿ ನೆಲಕಚ್ಚಿ, ಸಾಲ ಮಾಡಿ ತಂದ ಔಷಧಿ ಹೊಡೆದರೂ ಹುಳು ಸಾಯದೆ, ರೈತರು ಜೀವ ಕಳೆದುಕೊಂಡ ಸುದ್ದಿ ನಾಡನ್ನೇ ಅಲುಗಿಸಿತ್ತು. ಸಮಾಜವಿಜ್ಞಾನಿ ಎ. ಆರ್. ವಾಸವಿ ಬೀದರಿನ ಆ ಸಂಕಟವನ್ನು 1999ರಲ್ಲೇ ಅಧ್ಯಯನ ಮಾಡಿ ಬರೆದರು. ಹುಳುವಿನ ಮಾತು ಇಲ್ಲಿ ಬರೀ ಹುಳುವಿನ ಮಾತಾಗಿ ಉಳಿಯುವುದಿಲ್ಲ.

ಕಣಜವನ್ನು ಬಲ್ಲವರು ಮಾತ್ರ ಕಡಿಮೆ. ಕ್ಯಾಂಪೊಲೆಟಿಸ್ ಕ್ಲೋರಿಡೆಯಿ ಎಂಬುದು ಅದರ ಹೆಸರು. ಸಣಕಲು ಮೈ, ಕಪ್ಪು ಬಣ್ಣ, ಕೆಂಪು ಛಾಯೆಯ ಕಾಲು, ಉದ್ದನೆಯ ಮೀಸೆ. ಮನುಷ್ಯರಿಗೆ ಕಚ್ಚುವುದಿಲ್ಲ, ಗುಂಪಾಗಿ ಗೂಡು ಕಟ್ಟುವುದಿಲ್ಲ. ಹೆಣ್ಣು ಕಣಜ ಎಳೆಯ ಕೀಡಿಯನ್ನು ಹುಡುಕಿ ಅದರ ಮೈಯೊಳಗೆ ಒಂದೇ ಒಂದು ಮೊಟ್ಟೆ ಚುಚ್ಚಿಡುತ್ತದೆ. ಮೊಟ್ಟೆಯ ಜೊತೆಗೆ ಒಂದು ಬಗೆಯ ವೈರಸ್ಸನ್ನೂ ಸೇರಿಸುತ್ತದೆ. ಕೀಡಿಯ ರಕ್ಷಣಾ ಕಣಗಳು ಮೊಟ್ಟೆಯನ್ನು ಸುತ್ತುವರಿದು ಕೊಲ್ಲದಂತೆ ತಡೆಯುವುದು ಆ ವೈರಸ್ಸಿನ ಕೆಲಸ. ಆಮೇಲೆ ಮರಿ ಹುಟ್ಟಿ, ಬದುಕಿರುವ ಕೀಡಿಯ ರಸವನ್ನೂ ಕೊಬ್ಬನ್ನೂ ಉಂಡು ಬೆಳೆಯುತ್ತದೆ. ಚುಚ್ಚಿಸಿಕೊಂಡ ಕೀಡಿ ಆಗಲೇ ಮೇವು ಕಡಿಮೆ ಮಾಡುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ಕಾಯಿ ಕೊರೆಯುವ ದೊಡ್ಡ ಹುಳುವಾಗುವ ಮೊದಲೇ ಸಾಯುತ್ತದೆ.

ವಾಡಿಯ ಹತ್ತಿರ, ಲಾರಿಗಳು ಬಿಡುವಿಲ್ಲದೆ ಓಡುವ ರಸ್ತೆಯ ಪಕ್ಕದ ಹೊಲದಲ್ಲಿ ಈ ಕಣಜವನ್ನು ಹುಡುಕಿದೆ. ಎಲೆಗಳ ಮೇಲೆ ಸುಣ್ಣಕಲ್ಲಿನ ಧೂಳು ಬೂದಿಬಣ್ಣಕ್ಕೆ ಕೂತಿತ್ತು. ಕೀಡಿಯನ್ನು ಮುಗಿಸಿದ ಮರಿ ಹೊರಬಂದು ಕಟ್ಟಿಕೊಳ್ಳುವ ಗೂಡು ಒಂದೂ ಸಿಗಲಿಲ್ಲ. ಒಂದು ಹೊಲ ನೋಡಿ ತೀರ್ಪು ಕೊಡಲಾಗದು. ಆದರೆ ಧೂಳಿಗೂ ಕಣಜಕ್ಕೂ ಆಗಿಬರುವುದಿಲ್ಲ ಎಂಬುದನ್ನು ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳಲ್ಲಿ ಕಳೆದ ಶತಮಾನದ ನಡುವಿನಲ್ಲೇ ಕಂಡುಕೊಂಡಿದ್ದರು. ಮಣ್ಣುರಸ್ತೆಗೆ ಹತ್ತಿದ ಸಾಲಿನ ಮರಗಳಲ್ಲಿ ಪೀಡೆ ಜಾಸ್ತಿ. ಕಾರಣ ಧೂಳು ಕಣಜದ ಮೈಮೇಲಿನ ಮೇಣದ ಪದರವನ್ನು ಕೆರೆದು ತೇವ ಆರಿಸುತ್ತದೆ. ಹುಳು ಹುಡುಕಬೇಕಾದ ಹೊತ್ತೆಲ್ಲ ಮೈ ಒರೆಸಿಕೊಳ್ಳುವುದರಲ್ಲೇ ಕಳೆಯುತ್ತದೆ.

ವಾಡಿಯಿಂದ ಹೈದರಾಬಾದಿನತ್ತ ಹೊರಳುವ ರೈಲುಹಾದಿ 1874ರದು. ಅದೇ ಹಾದಿಯ ಮುಂದಿನ ದೊಡ್ಡ ಊರು ಚಿತ್ತಾಪುರ. ಇಲ್ಲಿ ನೆಲ ಕಪ್ಪಾಗುತ್ತದೆ. ಊರು ದಾಟಿ ಒಳಗೆ ಹೋದರೆ ಕಡಲೆ ಹೊಲಗಳು. ಬೆಳಗಿನ ಇಬ್ಬನಿ ಆರುವ ಮುಂಚೆ ಕಡಲೆ ಹೊಲಕ್ಕೆ ಇಳಿದವರ ಕಾಲು ಚುರುಗುಡುತ್ತದೆ. ಗಿಡದ ಮೈತುಂಬ ಇರುವ ಸಣ್ಣ ರೋಮಗಳ ತುದಿಯಲ್ಲಿ ಹುಳಿ ರಸ ಜಿನುಗುತ್ತಿರುತ್ತದೆ. ರಾತ್ರಿ ಗಿಡಗಳ ಮೇಲೆ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿನ ಮದ್ದಿಗೆ ಎತ್ತಿಡುತ್ತಿದ್ದ ರೂಢಿ ಹಿರಿಯರ ನೆನಪಿನಲ್ಲಿದೆ. ರಸಾಯನದ ಲೆಕ್ಕದಲ್ಲಿ ಅದು ಮುಖ್ಯವಾಗಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ.

ಹೊಲದಲ್ಲಿ ಇಬ್ಬರು ಹೆಣ್ಣುಮಕ್ಕಳು ಕಡಲೆಯ ಕುಡಿ ಚಿವುಟುತ್ತಿದ್ದರು, ಪಲ್ಯಕ್ಕೆ. ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ಅವರ ಸಾಲಿನಲ್ಲೇ, ಎಲೆಯ ಕೆಳಗೆ, ಅಕ್ಕಿಕಾಳಿನಷ್ಟುದ್ದದ ಒಂದು ಗೂಡು ಸಿಕ್ಕಿತು. ಮಾಸಲು ಬಿಳಿ ಬಣ್ಣ, ಮೇಲೆ ಕಪ್ಪು ಚುಕ್ಕೆ, ಪಕ್ಕದಲ್ಲಿ ಒಣಗಿ ಸುಕ್ಕಾದ ಕೀಡಿಯ ಚರ್ಮ. ಕ್ಯಾಂಪೊಲೆಟಿಸ್.

“ಯಕ್ಕಾ, ಇಂಥಾವು ಕಂಡೀರೇನ್ರಿ?”

“ಭಾಳ ಅದಾವಲ್ರೀ. ಕೀಡಿ ತತ್ತಿ ಇರಬೇಕಂತ ತಿಕ್ಕಿ ಹಾಕತೀವಿ.”

ಅದು ಕೀಡಿಯ ತತ್ತಿಯಲ್ಲ, ಕೀಡಿಯನ್ನು ತಿಂದು ಮುಗಿಸಿದವನ ಮನೆ ಎಂದು ಹೇಳಿದಾಗ ಇಬ್ಬರೂ ಬಗ್ಗಿ ನೋಡಿದರು. ಕೀಡಿಯ ತತ್ತಿ ಗಸಗಸೆಯಷ್ಟು ಸಣ್ಣದು, ಬಿಳಿ ಹಳದಿ, ಒಂದೊಂದೇ ಇರುತ್ತದೆ. ಗೂಡು ಅದಕ್ಕಿಂತ ಬಹಳ ದೊಡ್ಡದು. ಇಷ್ಟು ಗುರುತು ಗೊತ್ತಾದರೆ ಸಾಕು, ತಿಕ್ಕುವ ಬೆರಳು ನಿಲ್ಲುತ್ತದೆ. ಈ ಒಂದು ಮಾತನ್ನು ಹೊಲಹೊಲಕ್ಕೆ ಮುಟ್ಟಿಸುವುದಕ್ಕೆ ಯಾವ ದೊಡ್ಡ ಯೋಜನೆಯೂ ಬೇಕಾಗಿಲ್ಲ.

ಕಡಲೆ ಗಿಡದಲ್ಲಿ ಈ ಕಣಜ ಇಷ್ಟು ಸುಲಭವಾಗಿ ಸಿಗುವುದಕ್ಕೆ ಕಾರಣವಿದೆ. ಇಲ್ಲಿ ಎಳೆಯ ಕೀಡಿ ಎಲೆಯನ್ನು ಕೆರೆಯುತ್ತ ಬಯಲಿನಲ್ಲೇ ಮೇಯುತ್ತದೆ, ಕಣಜಕ್ಕೆ ಎಟುಕುತ್ತದೆ. ಜೊತೆಗೆ ಆ ಹುಳಿರಸ. ಆಕ್ಸಾಲಿಕ್ ಆಮ್ಲ ಕೀಡಿಯ ಬೆಳವಣಿಗೆಯನ್ನು ತಡೆಯುತ್ತದೆಂದು ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1995ರಲ್ಲಿ ತೋರಿಸಿಕೊಟ್ಟರು. ಬೆಳವಣಿಗೆ ತಡವಾದ ಕೀಡಿ ಹೆಚ್ಚು ದಿನ ಸಣ್ಣದಾಗಿಯೇ ಉಳಿಯುತ್ತದೆ. ಈ ಕಣಜಕ್ಕೆ ಬೇಕಾದದ್ದು ಸಣ್ಣ ಕೀಡಿಯೇ ಆದ್ದರಿಂದ, ಹುಡುಕಲು ಅದಕ್ಕೆ ಹೆಚ್ಚು ಕಾಲ ಸಿಗುತ್ತದೆ. ಗಿಡ ತನ್ನ ಹುಳಿಯಿಂದ ಕಣಜಕ್ಕೆ ದಾರಿ ಮಾಡಿಕೊಟ್ಟಂತಾಯಿತು.

ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ, ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ. ಕಣಜದ ಮರಿಗೆ ಇಡೀ ಬಾಲ್ಯದಲ್ಲಿ ಸಿಗುವುದು ಒಂದೇ ಒಂದು ಕೀಡಿ. ಆ ಕೀಡಿ ಸೊರಗಿದ್ದರೆ ಕಣಜವೂ ಸೊರಗಬೇಕು. ಬೇರೆ ಕಡೆ ಹೋಗಿ ಮೇಯುವಂತಿಲ್ಲ. ದೊಡ್ಡ ಮೈಯ ಹೆಣ್ಣು ಕಣಜ ಸಾಮಾನ್ಯವಾಗಿ ಹೆಚ್ಚು ಮೊಟ್ಟೆ ಹೊರುತ್ತದೆ, ಹೆಚ್ಚು ದಿನ ಬದುಕುತ್ತದೆ. ಮೈ ದೊಡ್ಡದಾಗುವುದು ಕೀಡಿ ಏನು ತಿಂದಿತ್ತು ಎಂಬುದರ ಮೇಲೆ. ಕೊಬ್ಬಿನ ವಿಷಯದಲ್ಲಂತೂ ಇದು ಇನ್ನೂ ಬಿಗಿ. ಬೆರ್ಟಾನ್ನೆ ವಿಸ್ಸರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಪಾಲು ಪರತಂತ್ರ ಕೀಟಗಳು, ಅಂದರೆ ಹೀಗೆ ಇನ್ನೊಂದು ಕೀಟವನ್ನು ಉಂಡು ಬೆಳೆದು ಅದನ್ನು ಕೊಲ್ಲುವಂಥವು, ಪ್ರೌಢ ವಯಸ್ಸಿನಲ್ಲಿ ಸಕ್ಕರೆಯಿಂದ ಕೊಬ್ಬು ತಯಾರಿಸುವ ಶಕ್ತಿಯನ್ನೇ ಕಳೆದುಕೊಂಡಿವೆ ಎಂದು ತೋರಿಸಿದರು. ನಾವು ಬೆಲ್ಲ ತಿಂದರೂ ಮೈಗೆ ಕೊಬ್ಬು ಹತ್ತುತ್ತದೆ. ಇಂಥ ಕಣಜಕ್ಕೆ ಎಷ್ಟು ಮಕರಂದ ಕುಡಿದರೂ ಹತ್ತುವುದಿಲ್ಲ. ಮೊಟ್ಟೆಗೆ ತುಂಬಬೇಕಾದ ಕೊಬ್ಬು ಬಹುಮಟ್ಟಿಗೆ ಕೀಡಿಯ ಹೊಟ್ಟೆಯಲ್ಲಿದ್ದಾಗಲೇ ಕಟ್ಟಿಕೊಂಡ ಬುತ್ತಿ. ಆ ಬುತ್ತಿಯ ಮೂಲ ಕೀಡಿ ಮೇಯ್ದ ಎಲೆ, ಹೂ, ಕಾಳು.

ಗಿಡದ ವಿಷವೂ ಇದೇ ದಾರಿಯಲ್ಲಿ ಸಾಗುತ್ತದೆ. ಇದಕ್ಕೆ ಸಿಕ್ಕ ಹಳೆಯ ಮತ್ತು ಗಟ್ಟಿಯಾದ ಸಾಕ್ಷ್ಯ ಅಮೆರಿಕದ್ದು. ಕ್ಯಾಂಪ್‌ಬೆಲ್ ಮತ್ತು ಡಫಿ ಎಂಬವರು 1979ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ. ನಮ್ಮ ಕಾಯಿಕೊರಕದ ದಾಯಾದಿ ಹುಳುವಿಗೆ, ಟೊಮೆಟೊ ಗಿಡದಲ್ಲಿರುವ ಟೊಮ್ಯಾಟಿನ್ ಎಂಬ ಕಹಿ ವಸ್ತುವನ್ನು ಮೇವಿನಲ್ಲಿ ಕೊಟ್ಟರು. ಅದರೊಳಗೆ ಬೆಳೆದ ಹೈಪೊಸೋಟರ್ ಎಂಬ ಕಣಜ ತಡವಾಗಿ ಬೆಳೆಯಿತು, ಚಿಕ್ಕದಾಯಿತು, ಅಂಗಗಳು ಸೊಟ್ಟಗಾದವು, ಬೇಗ ಸತ್ತಿತು. ಆಮೇಲೆ ಮೇವಿಗೆ ತಕ್ಕಷ್ಟು ಸ್ಟೆರಾಲ್ ಬೆರೆಸಿದಾಗ ಕಣಜದ ಮೇಲಿನ ಪೆಟ್ಟು ಇಳಿಯಿತು. ಕೀಟಗಳು ಸ್ಟೆರಾಲನ್ನು ತಾವಾಗಿ ತಯಾರಿಸಲಾರವು. ಕೀಡಿ ಅದನ್ನು ಗಿಡದಿಂದ ಪಡೆಯುತ್ತದೆ, ಕಣಜ ಕೀಡಿಯಿಂದ. ಟೊಮ್ಯಾಟಿನ್ ಆ ಸ್ಟೆರಾಲನ್ನೇ ಹಿಡಿದು ಕಟ್ಟಿಹಾಕುತ್ತದೆ. ಹುಳುವನ್ನು ತಡೆಯಲೆಂದು ಗಿಡದಲ್ಲಿ ಕಹಿ ಹೆಚ್ಚಿಸಿದರೆ ಹುಳುವಿನ ಶತ್ರುವೂ ಬಳಲಬಹುದು ಎಂಬ ಎಚ್ಚರಿಕೆ ಆ ಪುಟ್ಟ ಲೇಖನದಲ್ಲಿದೆ. ತಳಿ ಅಭಿವೃದ್ಧಿ ಮಾಡುವವರು ಇದನ್ನು ಮರೆಯಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹುಳು ಕೊಲ್ಲುವ ವಿಷ ಗಿಡದೊಳಗೇ ತಯಾರಾಗುವ ಬಿಟಿ ಹತ್ತಿಯ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಈ ಸೀಮೆಯಲ್ಲೂ ಹತ್ತಿ ಉಂಟು. ಚಿಂಚೋಳಿಯಿಂದ ಪೂರ್ವಕ್ಕೆ, ತೆಲಂಗಾಣದ ಗಡಿಯಾಚೆ ಇರುವ ಪಟಾನ್‌ಚೆರುವಿನ ಇಕ್ರಿಸ್ಯಾಟಿನಲ್ಲಿ ಎಚ್. ಸಿ. ಶರ್ಮಾ ಮತ್ತು ಸಂಗಡಿಗರು ಬಿಟಿ ವಿಷ ಉಂಡ ಕೀಡಿಗಳಿಗೆ ಇದೇ ಕ್ಯಾಂಪೊಲೆಟಿಸ್ ಕಣಜವನ್ನು ಬಿಟ್ಟು ನೋಡಿದರು. ಗೂಡು ಕಟ್ಟುವ ಕಣಜಗಳ ಪ್ರಮಾಣ ಇಳಿಯಿತು. ಅದಕ್ಕೆ ದೊಡ್ಡ ಕಾರಣ, ಮರಿ ಬಲಿಯುವ ಮೊದಲೇ ಕೀಡಿ ಸತ್ತುಹೋಗುವುದು. ಊಟ ಮುಗಿಯುವ ಮುಂಚೆ ಎಲೆ ಎತ್ತಿದರೆ ಉಣ್ಣುವವರ ಗತಿ ಏನು?

ಮಳಖೇಡದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾಗಿಣಾ ಹೊಳೆ, ರಾಷ್ಟ್ರಕೂಟರ ಕೋಟೆ, ನೃಪತುಂಗನ ರಾಜಧಾನಿ, ಇವುಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ನನ್ನ ಕಣ್ಣು ಕೋಟೆಯಾಚೆಯ ತೊಗರಿಯ ಮೇಲಿತ್ತು.

ಸೇಡಂ ಬಂತೆಂದರೆ ತೊಗರಿಯೇ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆಳೆತ್ತರದ ಗಿಡಗಳ ನಡುವೆ ನುಗ್ಗಿದರೆ ಬಟ್ಟೆಗೆಲ್ಲ ಅಂಟು ಹತ್ತುತ್ತದೆ. ತೊಗರಿಯ ಹೂತೊಟ್ಟು ಮತ್ತು ಕಾಯಿಯ ಮೇಲಿರುವ ರೋಮಗಳಲ್ಲಿ ಕೆಲವು ಜಿಗುಟಾದ ರಸ ಸೂಸುತ್ತವೆ. ಕೀಡಿ ಎಳೆಯದಾಗಿರುವಾಗಲೇ ಮೊಗ್ಗು ಹೂವುಗಳೊಳಗೆ ಸೇರಿಕೊಳ್ಳುತ್ತದೆ. ಕಡಲೆಯಲ್ಲಿ ಅಷ್ಟೊಂದು ದುಡಿಯುವ ಕ್ಯಾಂಪೊಲೆಟಿಸ್ ತೊಗರಿಯಲ್ಲಿ ಅಪರೂಪ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಇಕ್ರಿಸ್ಯಾಟಿನವರು ಬೆಳೆಬೆಳೆಯಿಂದ ಹುಳು ಆಯ್ದು ಸಾಕಿ ನೋಡಿದಾಗ ಇದೇ ಚಿತ್ರ ಸಿಕ್ಕಿತ್ತು: ಜೋಳ ಮತ್ತು ಕಡಲೆಯ ಎಳೆ ಹುಳುಗಳಿಂದ ಕಣಜ ಹೊರಬಂದರೆ, ತೊಗರಿಯ ದೊಡ್ಡ ಹುಳುಗಳಿಂದ ಹೆಚ್ಚಾಗಿ ಬಂದದ್ದು ಟ್ಯಾಕಿನಿಡ್ ಎಂಬ ಕುಟುಂಬದ ನೊಣಗಳು. ಕೀಡಿ ಅದೇ, ಗಿಡ ಬೇರೆಯಾಯಿತು, ಅದರ ಶತ್ರುವೂ ಬೇರೆಯಾಯಿತು.

ಮೊಟ್ಟೆಯನ್ನೇ ಹಾಳುಮಾಡುವ ಟ್ರೈಕೋಗ್ರಾಮ ಕಣಜದ ಕಥೆ ಇನ್ನೂ ಸ್ಪಷ್ಟ. ಅರ್ಧ ಮಿಲಿಮೀಟರಿನಷ್ಟೇ ಇರುವ ಇದನ್ನು ಕಾಗದದ ಕಾರ್ಡಿಗೆ ಅಂಟಿಸಿ ಟ್ರೈಕೋಕಾರ್ಡ್ ಎಂದು ರೈತರಿಗೆ ಕೊಡುತ್ತಾರೆ. ಯೋರ್ಗ್ ರೊಮೈಸ್ ಮತ್ತು ಟಾಮ್ ಶನೋವರ್ ತೊಂಬತ್ತರ ದಶಕದಲ್ಲಿ ದಕ್ಷಿಣ ಭಾರತದ ಹೊಲಗಳಲ್ಲಿ ಇದನ್ನು ಬೆನ್ನು ಹತ್ತಿದರು. ಜೋಳದ ತೆನೆಯ ಮೇಲಿನ ಮೊಟ್ಟೆಗಳಿಗೆ ಟ್ರೈಕೋಗ್ರಾಮ ಚೆನ್ನಾಗಿ ಮುತ್ತಿತು. ಕಡಲೆಯಲ್ಲಿ ಹುಳಿರಸಕ್ಕೆ ಸೋತಿತು, ತೊಗರಿಯಲ್ಲಿ ಅಂಟುರೋಮಕ್ಕೆ ಸಿಕ್ಕಿಬಿತ್ತು. ಹಾಗಿರುವಾಗ ಕಡಲೆ ಹೊಲಕ್ಕೆ ಟ್ರೈಕೋಕಾರ್ಡ್ ಕಟ್ಟಲು ದುಡ್ಡು ಹಾಕುವುದಕ್ಕಿಂತ, ಅಲ್ಲಿ ತಾನಾಗಿ ಬರುವ ಕ್ಯಾಂಪೊಲೆಟಿಸನ್ನು ಉಳಿಸಿಕೊಳ್ಳುವುದು ಒಳಿತು ಎಂಬುದು ನನ್ನ ಅಭಿಪ್ರಾಯ.

ಆ ಕಾರ್ಡಿನ ಹಿಂದೆಯೂ ಒಂದು ಊಟದ ಸರಪಳಿ ಇದೆ. ಕಾರ್ಡಿನ ಮೇಲಿರುವುದು ಕಾಯಿಕೊರಕದ ಮೊಟ್ಟೆಯಲ್ಲ, ಕಾರ್ಸೈರಾ ಎಂಬ ಅಕ್ಕಿ ಪತಂಗದ ಮೊಟ್ಟೆ. ಆ ಪತಂಗದ ಹುಳುಗಳನ್ನು ಸಾಕುವುದು ನಮ್ಮದೇ ಜೋಳ, ಸಜ್ಜೆಯ ನುಚ್ಚಿನಲ್ಲಿ. ಒಂದು ಪೆಟ್ಟಿಗೆಗೆ ಎರಡೂವರೆ ಕಿಲೋದಷ್ಟು ನುಚ್ಚು, ಜೊತೆಗೆ ಶೇಂಗಾ ಪುಡಿ, ಯೀಸ್ಟ್. ಶೇಂಗಾ ಬೆರೆತರೆ ಪತಂಗ ಪುಷ್ಟಿಯಾಗುತ್ತದೆ, ಮೊಟ್ಟೆ ಹೆಚ್ಚಿಡುತ್ತದೆ. ಮೊಟ್ಟೆ ಪುಷ್ಟವಾದಷ್ಟೂ ಅದರೊಳಗಿನ ಕಣಜ ಗಟ್ಟಿಯಾಗುತ್ತದೆ. ಬೆಂಗಳೂರಿನಲ್ಲಿ 1957ರಲ್ಲಿ ಶುರುವಾದ ಜೈವಿಕ ನಿಯಂತ್ರಣ ಕೇಂದ್ರದಿಂದ ಹಿಡಿದು ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರೆಗೆ ಈ ವಿದ್ಯೆ ಕೈಯಿಂದ ಕೈಗೆ ಬಂದಿದೆ. ತಲೆಮಾರುಗಟ್ಟಲೆ ಇದೇ ಮೊಟ್ಟೆಯಲ್ಲಿ ಸಾಕಿದ ಕಣಜ ಹೊಲಕ್ಕೆ ಬಿಟ್ಟಾಗ ಚುರುಕು ಕಳೆದುಕೊಳ್ಳುವುದುಂಟು. ಆದ್ದರಿಂದ ಆಗಾಗ ಹೊಲದ ಹುಳುವಿನ ಮೊಟ್ಟೆಯನ್ನೇ ಕೊಟ್ಟು ಅದು ಚೇತರಿಸಿಕೊಳ್ಳುವಂತೆ ಮಾಡಬೇಕಾಗುತ್ತದೆ.

ಸೇಡಂನಿಂದ ಚಿಂಚೋಳಿಯ ದಾರಿಯಲ್ಲಿ ಎಳ್ಳ ಅಮಾವಾಸ್ಯೆಯ ಸಿದ್ಧತೆ ಕಾಣತೊಡಗಿತು. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಕಡಬು, ಭಜ್ಜಿ ಉಣ್ಣುತ್ತಾರೆ. ಭಜ್ಜಿಗೆ ಹಸಿ ತೊಗರಿ, ಹಸಿ ಕಡಲೆ, ಅವರೆ, ಸೊಪ್ಪು, ಕೈಗೆ ಸಿಕ್ಕಿದ್ದೆಲ್ಲ ಬೇಕು. ಹಿಂದೆ ಇದೆಲ್ಲ ಸ್ವಂತ ಹೊಲದಲ್ಲೇ ಸಿಗುತ್ತಿತ್ತು. ತೊಗರಿಯ ಜೊತೆ ಹೆಸರು, ಅಕ್ಕಡಿ ಸಾಲಿನಲ್ಲಿ ಜೋಳ, ಸಜ್ಜೆ, ಅಲಸಂದಿ, ಕಡಲೆಯ ಅಂಚಿಗೆ ಕುಸುಬಿ, ನಡುವೆ ಕೊತ್ತಂಬರಿ. ಈಗ ಎಕರೆಗಟ್ಟಲೆ ಬರೀ ತೊಗರಿ, ಭಜ್ಜಿಯ ಕಾಯಿಪಲ್ಯ ಸಂತೆಯಿಂದ.

ಭಜ್ಜಿಯ ಸಾಮಾನೆಲ್ಲ ಸಿಗುವ ಹೊಲ ಕಣಜಕ್ಕೂ ಹಿತ. ಪ್ರೌಢ ಕಣಜ ಕೀಡಿ ತಿನ್ನುವುದಿಲ್ಲ. ಅದಕ್ಕೆ ಬೇಕಾದದ್ದು ಸಿಹಿ. ಸಿಹಿ ಸಿಗದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ, ಹೊತ್ತ ಮೊಟ್ಟೆ ವ್ಯರ್ಥ. ತೊಗರಿಯ ಹೂ ಮುಚ್ಚಿದ ದಳದ್ದು, ಸಣ್ಣ ಬಾಯಿಯ ಈ ಕಣಜಕ್ಕೆ ಅದರೊಳಗಿನ ಮಕರಂದ ಎಟುಕುವುದು ಕಷ್ಟ. ಕೊತ್ತಂಬರಿಯ ಹೂ ತೆರೆದ ತಟ್ಟೆಯಲ್ಲಿಟ್ಟ ಹಾಗೆ ಮಕರಂದವನ್ನು ಮೇಲೆಯೇ ಇಟ್ಟಿರುತ್ತದೆ. ಅಲಸಂದಿ ಗಿಡ ಹೂವಿನಾಚೆಯೂ ಸಿಹಿ ಸೂಸುತ್ತದೆ. ಬದುವಿನ ಜಾಲಿಗೂ ಎಲೆದೇಟಿನಲ್ಲಿ ಅಂಥ ಗ್ರಂಥಿಗಳಿವೆ. ಕಡಲೆಯ ನಡುವೆ ಕೊತ್ತಂಬರಿ ಸಾಲು ಹಾಕಿದ ಕಡೆ ಕ್ಯಾಂಪೊಲೆಟಿಸಿನ ಓಡಾಟ ಹೆಚ್ಚುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡ ಮಾತು, ಕೃಷಿ ಇಲಾಖೆಯ ಸಮಗ್ರ ಪೀಡೆ ನಿರ್ವಹಣೆಯ ಸಲಹೆಗಳಲ್ಲೂ ಅದು ಸೇರಿದೆ.

ಚಿಂಚೋಳಿಯಲ್ಲಿ ನೆಲ ಏರುತ್ತದೆ, ಕುರುಚಲು ದಟ್ಟವಾಗುತ್ತ ಕಾಡಾಗುತ್ತದೆ. 2011ರಲ್ಲಿ ವನ್ಯಜೀವಿ ಧಾಮವಾದ ಕಾಡಿದು. ಚಂದ್ರಂಪಳ್ಳಿ ಕೆರೆಯ ಕಡೆ ಹೋಗುವ ದಾರಿಯಲ್ಲಿ ಕಾಡಿನ ಅಂಚಿಗೇ ಹತ್ತಿಕೊಂಡು ತೊಗರಿ ಹೊಲಗಳಿವೆ. ವಾಡಿಯ ಧೂಳು ಇಲ್ಲಿಲ್ಲ. ಬೇಸಿಗೆಯಲ್ಲಿ ಹೊಲವೆಲ್ಲ ಬಟಾಬಯಲಾದಾಗಲೂ ಕಾಡಿನಂಚಿನಲ್ಲಿ ಏನಾದರೊಂದು ಹೂ ಇರುತ್ತದೆ, ಯಾವುದಾದರೊಂದು ಹುಳು ಇರುತ್ತದೆ. ಕಣಜಗಳ ಪೀಳಿಗೆ ಮುಂದಿನ ಹಂಗಾಮಿನವರೆಗೆ ದಾಟಲು ಇಂಥ ಅಂಚುಗಳು ಬೇಕು.

ಇಲ್ಲೊಂದು ಹೊಲದಲ್ಲಿ ಗಿಡ ಅಲ್ಲಾಡಿಸುವ ಕೆಲಸ ನಡೆದಿತ್ತು. ತಾಡಪತ್ರಿ ಹಾಸಿ, ತೊಗರಿ ಗಿಡ ಬಗ್ಗಿಸಿ ಜಾಡಿಸಿದರೆ ಬಲಿತ ಕೀಡಿಗಳು ಉದುರುತ್ತವೆ. ಕಲಬುರಗಿ ಸೀಮೆಯ ರೈತರು ತಾವೇ ಕಂಡುಕೊಂಡ ಪದ್ಧತಿ, ವಿಜ್ಞಾನಿಗಳು ಆಮೇಲೆ ಬೇರೆ ಕಡೆಗೂ ಒಯ್ದರು. “ಎಣ್ಣಿ ಹೊಡದ್ರ ರೊಕ್ಕ ಹೋಗ್ತದ, ಕೀಡಿ ಹೋಗಂಗಿಲ್ರಿ,” ಎಂದರು ಅಲ್ಲಿದ್ದ ಹಿರಿಯರು. ಬಿದ್ದ ಕೀಡಿಗಳನ್ನು ಡಬ್ಬಿಗೆ ತುಂಬಿ ಸೀಮೆಎಣ್ಣೆ ನೀರಿಗೆ ಹಾಕುವುದು ವಾಡಿಕೆ.

ತಾಡಪತ್ರಿಯ ಮೇಲೆ ಬಿದ್ದವುಗಳಲ್ಲಿ ಕೆಲವು ಮಂಕಾಗಿದ್ದವು, ಅಲುಗಾಡಿಸಿದರೂ ಚುರುಕಿಲ್ಲ. ಒಂದರ ಮೈಮೇಲೆ ನೊಣದ ಬಿಳಿ ಮೊಟ್ಟೆ ಅಂಟಿತ್ತು. ಇಂಥವನ್ನು ಸೀಮೆಎಣ್ಣೆಗೆ ಹಾಕಿದರೆ ಕೀಡಿಯ ಜೊತೆ ನಮ್ಮ ಕಡೆಯ ಒಂದು ಜೀವವೂ ಹೋಗುತ್ತದೆ. ಅದರ ಬದಲು ಒಂದು ಹಳೆಯ ಗಡಿಗೆಗೆ ತೊಗರಿಯ ಸೊಪ್ಪಿನ ಜೊತೆ ಹಾಕಿ, ಬಾಯಿಗೆ ಬಲೆಬಟ್ಟೆ ಬಿಗಿದು ಹೊಲದ ಬದುವಿನ ನೆರಳಲ್ಲಿಟ್ಟರೆ ಆಯಿತು. ಕಣ್ಣು ಅಷ್ಟಿಷ್ಟು ಅಗಲವಾದ ಬಲೆಯಾದರೆ ದಪ್ಪನೆಯ ಕೀಡಿ ಒಳಗೇ ಉಳಿಯುತ್ತದೆ, ಕಣಜ ಮತ್ತು ನೊಣ ಹೊರಗೆ ಹಾರುತ್ತವೆ. ಗಡಿಗೆಯ ತಳಕ್ಕೆ ನಾಲ್ಕು ಬೆರಳು ಮಣ್ಣು ಹಾಕಿರಬೇಕು, ನೊಣದ ಮರಿ ಕೋಶವಾಗುವುದು ಮಣ್ಣಿನಲ್ಲೇ. ಎರಡು ಮೂರು ವಾರ ಬಿಟ್ಟು ಉಳಿದ ಕೀಡಿ, ಕೋಶಗಳನ್ನು ಕೊಂದರೂ ತಡವಾಗುವುದಿಲ್ಲ. ಹಿರಿಯರು ಗಡಿಗೆಯ ಮಾತು ಕೇಳಿ, ಬಲೆ ಎಷ್ಟು ಕಣ್ಣಿನದು ಇರಬೇಕು ಎಂದು ಕೇಳಿದರು. ಸೊಳ್ಳೆಪರದೆಗಿಂತ ಸ್ವಲ್ಪ ದೊಡ್ಡ ಕಣ್ಣಿನದು, ಮನೆಯ ನೊಣ ತೂರುವಷ್ಟು, ಎಂದೆ.